ನಮ್ಮ ಲಾಂಡ್ರಿಯ ಕೂಗು, ನಿನ್ನ ಉಕ್ಕಣ್ಣ

ಫೆಬ್ರವರಿ 4

ಮಗಳಿಗೆ,

ಬರೆಯುತ್ತಿರುವವಳು ನಿನ್ನ ತಾಯಿ. ಗುರುತು ಮರೆತಿದ್ದರೆ ಹೇಳುತ್ತೇನೆ. ಈ ಲಾಂಡ್ರಿಯ ಯಜಮಾನಿ ನಾನು. ನಿಮ್ಮಪ್ಪ ತೀರಿಕೊಂಡಾಗ ಮೂರು ತೊಟ್ಟಿ, ಒಂದು ಬಾಯ್ಲರ್, ನಾವೆಲ್ಲ ದೊಡ್ಡಣ್ಣ ಎನ್ನುವ ಒಂದು ದೊಡ್ಡ ಇಸ್ತ್ರಿ ಯಂತ್ರ ಮತ್ತು ಇಬ್ಬರು ಮಕ್ಕಳನ್ನು ನನ್ನ ಮೇಲೆ ಬಿಟ್ಟು ಹೋದರು. ನಾಲ್ಕನ್ನೂ ಕೆಡದಂತೆ ನಡೆಸಿದೆ. ಇವತ್ತು ಎರಡು ಆಸ್ಪತ್ರೆಗಳ ಹಾಸುಬಟ್ಟೆ, ಸ್ಟೇಷನ್ ಎದುರಿನ ಹೋಟೆಲಿನ ಮೇಜುಬಟ್ಟೆ ನನ್ನ ಬಾಗಿಲಿಂದಲೇ ಬೆಳ್ಳಗಾಗಿ ಹೋಗಬೇಕು. ಇಲ್ಲಿ ಕೆಲಸ ಮಾಡುವವರೆಲ್ಲ ನನ್ನನ್ನು ಅಮ್ಮಾವ್ರೇ ಎನ್ನುತ್ತಾರೆ. ಓದು ಹೈಸ್ಕೂಲಿಗೆ ನಿಂತಿತು, ನಿಜ. ಆದರೆ ನಾನು ಬರೆದದ್ದನ್ನು ಇದುವರೆಗೆ ಯಾರೂ ತಿದ್ದಿಲ್ಲ.

ಈಗ ವಿಷಯ. ನಿನ್ನೆ ಊಟದ ಹೊತ್ತು ಮುಗಿದರೂ ಇಸ್ತ್ರಿ ಕೋಣೆಯಲ್ಲಿ ಯಾರೂ ಏಳಲಿಲ್ಲ. ಹೋಗಿ ನೋಡಿದರೆ ಗಂಜಿಡಬ್ಬಕ್ಕೆ ಮೊಬೈಲ್ ಒರಗಿಸಿಕೊಂಡು, ತಲೆಗೆ ತಲೆ ತಾಗಿಸಿ ಕೂತಿದ್ದಾರೆ.

“ಏನಿದು? ಮೀಸೆ ಹಣ್ಣಾದ್ಮೇಲೆ ಕಾರ್ಟೂನಾ?” ಎಂದೆ.

ಇಸ್ತ್ರಿಯಣ್ಣ ಎದ್ದು ನಿಂತ. ಎದ್ದರೂ ಕಣ್ಣು ಮೊಬೈಲಿನ ಮೇಲೆಯೇ. “ಕಾರ್ಟೂನ್ ಅನ್ಬೇಡಿ ಅಮ್ಮಾವ್ರೇ. ಇದು ಅನಿಮೆ. ನಮ್ಮ ಚಿಕ್ಕಮ್ಮಾವ್ರೇ ಮಾಡಿರೋದು.”

ಬೆಟ್ಟದಷ್ಟು ದೊಡ್ಡ ಉಕ್ಕಿನ ಮನುಷ್ಯ. ಹೆಸರು ಉಕ್ಕಣ್ಣ. ಅವನ ಹೊಟ್ಟೆಯೊಳಗೆ ನಾಲ್ಕು ಜನ ಚಾಲಕರು. ಆಕಾಶದಾಚೆಯಿಂದ ಬೂದುಬಣ್ಣದ, ಮೈಯೆಲ್ಲ ಸುಕ್ಕುಗಟ್ಟಿದ ಶತ್ರುಗಳು ಬಂದು ಊರ ಮೇಲೆ ಕವುಚಿಕೊಳ್ಳುತ್ತಾರೆ. ಅವರಿಗೆ ಮುದುರರು ಎಂದು ಹೆಸರಂತೆ. ಉಕ್ಕಣ್ಣ ಅವರನ್ನು ಎರಡು ಅಂಗೈ ನಡುವೆ ಹಿಡಿದು, ಉಸ್ಸೆಂದು ಆವಿ ಬಿಟ್ಟು ಒತ್ತುತ್ತಾನೆ. ಕೈ ತೆಗೆದರೆ ಮುದುರ ಚಪ್ಪಟೆ. ಇದನ್ನೆಲ್ಲಿ ಕಲಿತೆ ಎಂದು ನಾನು ಕೇಳಬೇಕಾಗಿಲ್ಲ. ನಮ್ಮ ದೊಡ್ಡಣ್ಣನಿಗೆ ಎರಡು ಕಾಲು ಜೋಡಿಸಿ ಲೋಕಕ್ಕೆ ಬಿಟ್ಟಿದ್ದೀಯ.

ಅದನ್ನೂ ಸಹಿಸಿಕೊಂಡೆ. ಆದರೆ ಒತ್ತುವ ಮುಂಚೆ ಒಬ್ಬಳು ದಳಪತಿ ಬಂದು “ಕೈ!” ಎಂದು ಕೂಗುತ್ತಾಳೆ. ನಾಲ್ವರು ಚಾಲಕರೂ ಎರಡು ಕೈ ಎತ್ತಿ “ಮೇಲೆ!” ಎನ್ನುತ್ತಾರೆ. ಆಮೇಲೆ ಅವಳು ಲಿವರ್ ಎಳೆಯುತ್ತಾಳೆ.

ಆ ಕೂಗು ಯಾರದು? ನಿನಗೆ ಗೊತ್ತಿದ್ದರೂ ಬರೆಯುತ್ತೇನೆ, ಕಾಗದದ ಮೇಲಿರಲಿ. ದೊಡ್ಡಣ್ಣನ ಬಾಯಿಗೆ ಸಿಕ್ಕಿ ನಿಮ್ಮಪ್ಪನ ಎರಡು ಬೆರಳು ಹೋದ ವಾರ ನಾನು ಮಾಡಿದ ನಿಯಮ ಅದು. ಬಟ್ಟೆ ಹಾಸುವವರು ನಾಲ್ವರು, ನಾಲ್ಕು ಮೂಲೆಗೆ. ಆವಿಯಲ್ಲಿ ಎದುರಿಗಿರುವವರ ಮುಖವೂ ಕಾಣುವುದಿಲ್ಲ. ಅದಕ್ಕೇ ಕಿವಿಯಿಂದ ಎಣಿಸಬೇಕು. ನಾಲ್ಕು “ಮೇಲೆ” ಕಿವಿಗೆ ಬಿದ್ದರಷ್ಟೇ ಲಿವರ್. ಅವತ್ತಿನಿಂದ ಈ ಮನೆಯಲ್ಲಿ ಯಾರ ಉಗುರೂ ಹೋಗಿಲ್ಲ. ಅದನ್ನು ನನ್ನನ್ನು ಒಂದು ಮಾತು ಕೇಳದೆ ಎತ್ತಿಕೊಂಡು ಹೋಗಿ ಟಿವಿಗೆ ಹಾಕಿದ್ದೀಯ. ಯಾರ ಅಪ್ಪಣೆ?

ಇಲ್ಲಿ ಎಲ್ಲ ಸರಿಯಾಗಿದೆ. ಹೋದ ತಿಂಗಳು ದೊಡ್ಡಣ್ಣನ ನೆತ್ತಿಯ ಮೇಲೆ ಒಂದು ಭಾರಿ ಫ್ಯಾನ್ ಹಾಕಿಸಿದೆ, ಆವಿಯೆಲ್ಲ ಹೊರಗೆ ಹೋಗಲಿ ಎಂದು. “ಇಂಥ ಚಳೀಲಿ ಫ್ಯಾನ್ ಯಾರಾದ್ರೂ ಹಾಕಿಸ್ತಾರೇನಮ್ಮಾ?” ಎಂದು ನಿನ್ನ ಅಣ್ಣ ಗೊಣಗಿದ. ಗೊಣಗುವುದೊಂದನ್ನು ಅವನು ಯಾರೂ ಹೇಳದೆ ಮಾಡುತ್ತಾನೆ.

ಉತ್ತರ ಬರೆದು ಕಳಿಸು. ಫೋನ್ ಮಾಡಬೇಡ. ಫೋನಿನಲ್ಲಿ ಆಡಿದ ಮಾತಿಗೆ ಸಹಿ ಇರುವುದಿಲ್ಲ.

ನಿನ್ನ ತಾಯಿ,
ಲಾಂಡ್ರಿಯ ಯಜಮಾನಿ


ಫೆಬ್ರವರಿ 19

ಅಮ್ಮನಿಗೆ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಮೊದಲು ಎದ್ದು ನಿಂತೆ. ಆಮೇಲೆ ಒಡೆದೆ. ಪಕ್ಕದ ಮೇಜಿನವನು “ಯಾಕೆ, ಬಾಸ್ ಬಂದ್ರಾ?” ಎಂದ. ಹೌದು ಎಂದೆ.

ಅಪ್ಪಣೆ ಕೇಳಲಿಲ್ಲ, ತಪ್ಪು. ಕೇಳಿದ್ದರೆ ನೀನು ಕೊಡುತ್ತಿರಲಿಲ್ಲ. ನಾನು ಮನೆ ಬಿಟ್ಟ ದಿನ ನೀನು ಹೇಳಿದ್ದು ಒಂದೇ ಮಾತು: “ಪೆನ್ಸಿಲ್ ಸವೆಯುತ್ತೆ, ಲಿವರ್ ಸವೆಯಲ್ಲ.” ಆಮೇಲೆ ನಿನ್ನಿಂದ ಬಂದ ಮೊದಲನೆಯ ಮಾತು ಈ ಕಾಗದ. ಬೈಗುಳವಾದರೂ ಎರಡು ಸಲ ಓದಿದೆ.

ಇಲ್ಲಿ ನಾವು ಒಂದು ಉದ್ದ ಕೋಣೆಯಲ್ಲಿ ಸಾಲಾಗಿ ಕೂತು ಚಿತ್ರ ಬರೆಯುತ್ತೇವೆ. ಉಕ್ಕಣ್ಣ ಒಂದು ಹೆಜ್ಜೆ ಎತ್ತಿ ಇಡಬೇಕಾದರೆ ಮೂರು ಜನರ ಒಂದು ದಿನ ಹೋಗುತ್ತದೆ. ಮೊದಲ ವರ್ಷ ಆ ಕೂಗಿನ ಮೇಲೆ ಜಗಳವೇ ಆಯಿತು. “ಕೈ ಎತ್ತೋಕೆ ಇದೇನು ಒಂದನೇ ಕ್ಲಾಸಾ? ಕತ್ತಿ ಎತ್ತಿಸು” ಎಂದರು ನಮ್ಮ ನಿರ್ದೇಶಕರು. ನಾನು ಒಪ್ಪಲಿಲ್ಲ. ದೊಡ್ಡ ಯಂತ್ರ ಮುಚ್ಚುವ ಮುಂಚೆ ಒಳಗಿರುವವರ ಕೈ ಎಲ್ಲಿದೆ ಎಂದು ಕೇಳದಿದ್ದರೆ, ಅವನಿಗೂ ಮುದುರರಿಗೂ ಏನು ವ್ಯತ್ಯಾಸ ಎಂದೆ. ಅವತ್ತು ನನ್ನ ಬಾಯಲ್ಲಿ ಮಾತಾಡಿದವಳು ನೀನೇ.

ಒಂದು ಸುದ್ದಿ ಹೇಳುತ್ತೇನೆ. ನಮ್ಮ ಬೀದಿಗೆ ಬರುವ ಶಾಲಾ ಬಸ್ಸಿನ ಡ್ರೈವರ್ ಬಾಗಿಲು ಮುಚ್ಚುವ ಮುಂಚೆ “ಕೈ!” ಎಂದು ಕೂಗುತ್ತಾನೆ. ಒಳಗಿರುವ ಮಕ್ಕಳೆಲ್ಲ ಕೈ ಎತ್ತಿ “ಮೇಲೆ!” ಅನ್ನುತ್ತಾರೆ. ಆಮೇಲೆ ಬಾಗಿಲು ಮುಚ್ಚುತ್ತದೆ. ಅವನಿಗೆ ನೀನು ಯಾರೆಂದು ಗೊತ್ತಿಲ್ಲ. ನಾನು ದಿನಾ ಕಿಟಕಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ.

ಈ ವರ್ಷದಿಂದ ಕಥೆಯನ್ನೂ ನನಗೇ ಒಪ್ಪಿಸಿದ್ದಾರೆ. ಇದೇ ಕೊನೆಯ ಭಾಗ.

ನಿನ್ನ ಕಿರಿಯವಳು


ಮಾರ್ಚ್ 11

ಮಗಳಿಗೆ,

ಬಸ್ಸಿನ ಡ್ರೈವರ್ ಬಗ್ಗೆ ನನ್ನ ತಕರಾರಿಲ್ಲ. ಬಾಗಿಲೂ ಒಂದು ಯಂತ್ರವೇ. ಅವನು ಕೂಗಲಿ.

ನಿನ್ನ ಉಕ್ಕಣ್ಣನನ್ನು ಒಂದೆರಡು ಕಂತು ನೋಡಿದೆ. ಮೂವತ್ತೊಂದನೆಯ ಕಂತಿನಲ್ಲಿ ಸೇತುವೆ ಮುರಿಯುವುದು ಚೆನ್ನಾಗಿಲ್ಲ, ಹದಿನಾಲ್ಕರಲ್ಲಿ ಮುರಿದದ್ದೇ ಚೆನ್ನಾಗಿತ್ತು. ದಳಪತಿಯ ಬೀಗದಕೈ ಗೊಂಚಲು ಬಲಗಡೆ ನೇತಾಡುತ್ತದೆ. ನಾನು ಎಡಗಡೆ ಸಿಕ್ಕಿಸುವುದು. ನನ್ನನ್ನೇ ಬರೆಯುವುದಾದರೆ ನೆಟ್ಟಗೆ ಬರೆ. ಮತ್ತೆ ಅವಳ ಮೂಗು ಅಷ್ಟು ಉದ್ದ ಬೇಕಿರಲಿಲ್ಲ. ಇಸ್ತ್ರಿಯಣ್ಣ “ಮೂಗು ಸರಿಯಾಗೇ ಬಂದಿದೆ ಅಮ್ಮಾವ್ರೇ” ಎಂದು ಬಾಯಿ ಹಾಕಿದ. ಅವನಿಗೆ ಆ ದಿನ ಇಡೀ ಹೋಟೆಲಿನ ಮೇಜುಬಟ್ಟೆ ಕೊಟ್ಟೆ.

ಚಿತ್ರದ ಕೆಳಗೆ ಮಾತುಗಳು ಅಕ್ಷರದಲ್ಲಿ ಬರುತ್ತವಲ್ಲ, ಅದು ಬಹಳ ಅನುಕೂಲ. ಅವನು ಅದನ್ನು ತೆಗೆಯಹೋದ. ಇರಲಿ ಬಿಡು ಎಂದೆ.

ಇಲ್ಲಿ ಒಂದು ಅಧಿಕಪ್ರಸಂಗ ನಡೆಯುತ್ತಿದೆ. ಬಲಗಡೆಯ ಹಿಂದಿನ ಮೂಲೆಗೆ ಹೊಸಬಳು ಬಂದಿದ್ದಾಳೆ. ಇಬ್ಬರು ಮಕ್ಕಳ ತಾಯಿ, ಚುರುಕು, ಆದರೆ ಗಿಡ್ಡಿ. ಎಲ್ಲರೂ ಗಿಡ್ಡಿ ಎಂದೇ ಕರೆಯುವುದು, ಅವಳೂ ಓಗೊಡುತ್ತಾಳೆ. ಒಂದು ಬೆಳಿಗ್ಗೆ ನೋಡುತ್ತೇನೆ, ಅವಳ ಕಾಲಡಿ ಒಂದು ಹಲಗೆ. ಒದ್ದೆ ನೆಲದ ಮೇಲೆ ಹಲಗೆ ಇಟ್ಟರೆ ಜಾರುವುದಿಲ್ಲವೇ? ತೆಗೆಸಿದೆ. ಮರುದಿನ ಮತ್ತೆ ಅಲ್ಲೇ. ಈ ಸಲ ಅಡಿಗೆ ರಬ್ಬರ್ ಬೇರೆ ಬಡಿದಿದ್ದಾರೆ.

“ಯಾರಿಟ್ಟಿದ್ದು?” ಎಂದೆ.

“ನಾನೇ ಅತ್ತೆ” ಎಂದಳು ನಿನ್ನ ಅತ್ತಿಗೆ. ತಲೆ ತಗ್ಗಿಸಲಿಲ್ಲ. ಯಾಕೆ ಎಂದೂ ಹೇಳಲಿಲ್ಲ.

“ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ಇನ್ನೂ ಬಂದಿಲ್ಲ” ಎಂದು ಹೇಳಿ ಮತ್ತೆ ತೆಗೆಸಿದೆ. ಇವತ್ತು ಮತ್ತೆ ಇದೆ. ಮೂರನೆಯ ಸಲ ನೋಡಿಯೂ ನೋಡದಂತೆ ಇದ್ದೇನೆ. ಕೆಲಸದಲ್ಲಿ ಮಾತ್ರ ಅವಳಿಗೆ ಹೆಸರಿಡುವ ಹಾಗಿಲ್ಲ. ಎಡಗಡೆಯ ಮುಂದಿನ ಮೂಲೆಯಲ್ಲಿ ಅವಳು ಹಾಸಿದ ಬಟ್ಟೆಯಲ್ಲಿ ನಾನು ಇದುವರೆಗೆ ಒಂದು ಗೆರೆ ಕಂಡಿಲ್ಲ. ಇದನ್ನು ಅವಳಿಗೆ ಹೇಳಬೇಡ.

ಈ ಮನೆಯಲ್ಲಿ ಕೂಗುವವಳು ಒಬ್ಬಳೇ. ನನ್ನ ನಂತರ ಮಗಳು ಎಂದುಕೊಂಡಿದ್ದೆ. ಮಗಳು ಪೆನ್ಸಿಲ್ ಹಿಡಿದು ಹೋದಳು. ಇರಲಿ. ಲಿವರಿಗೆ ತುಕ್ಕು ಹಿಡಿದಿಲ್ಲ, ನನಗೂ ಹಿಡಿದಿಲ್ಲ. ನಿನ್ನ ಕೊನೆಯ ಭಾಗ ಮುಗಿಯಲಿ, ಆಮೇಲೆ ನೋಡೋಣ.

ನಿನ್ನ ತಾಯಿ


ಏಪ್ರಿಲ್ 28

ಅಮ್ಮನಿಗೆ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ.

ಮುಂದಿನ ಶುಕ್ರವಾರ ಕೊನೆಯ ಭಾಗದ ಐದನೆಯ ಕಂತು ಬರುತ್ತದೆ. ನೋಡಬೇಡ ಎಂದರೆ ನೀನು ಖಂಡಿತ ನೋಡುತ್ತೀಯ, ನೋಡು ಎಂದರೆ ಅನುಮಾನ ಪಡುತ್ತೀಯ. ನೋಡು. ನೋಡಿ ಬೈದು ಬರೆ.

ಬೀಗದಕೈ ಎಡಗಡೆಗೆ ಹಾಕಿದ್ದೇನೆ. ಮೂಗು ಹಾಗೇ ಇದೆ.

ಒಂದೇ ಪ್ರಶ್ನೆ. ಆವಿ ಅಂದರೆ ಲಾಂಡ್ರಿಯ ಲಕ್ಷಣ, ಅದು ಕಿಟಕಿಯಿಂದ ಹೋದರೆ ಕಲ್ಲಿದ್ದಲೇ ಹೋದಂತೆ ಎಂದು ನಮಗೆ ಕಿಟಕಿ ತೆಗೆಯಲೂ ಬಿಡುತ್ತಿರಲಿಲ್ಲ ನೀನು. ಈಗ ಆ ಫ್ಯಾನ್ ಯಾಕೆ ಹಾಕಿಸಿದೆ?

ನಿನ್ನ ಕಿರಿಯವಳು


ಮೇ 9

ನೋಡಿದೆ. ಒಬ್ಬಳೇ ಅಲ್ಲ, ಇಡೀ ಇಸ್ತ್ರಿ ಕೋಣೆಯ ನಡುವೆ ಕೂತು ನೋಡಿದೆ.

ದಳಪತಿಗೆ ಕಿವಿ ಕೇಳಿಸುವುದಿಲ್ಲ! ಚಾಲಕರ “ಮೇಲೆ” ಅವಳಿಗೆ ಮುಟ್ಟುವುದಿಲ್ಲ. ಅದನ್ನು ಯಾರಿಗೂ ಹೇಳದೆ, ಉಕ್ಕಣ್ಣನ ಹೊಟ್ಟೆಯೊಳಗಿನ ಆವಿ ಹೋಗಲಿ ಎಂದು ಗಾಳಿಯಂತ್ರ ಹಾಕಿಸುತ್ತಾಳೆ, ಕೈಗಳನ್ನು ಕಣ್ಣಿನಿಂದ ಎಣಿಸಲು. ಚಾಲಕರಿಗೆ ಗೊತ್ತಾಗುತ್ತದೆ. ಅವರೂ ಏನೂ ಹೇಳುವುದಿಲ್ಲ. ಮುಂದಿನ ಸಲ ಅವಳು ಕೂಗಿದಾಗ ನಾಲ್ವರೂ ತುದಿಗಾಲಲ್ಲಿ ನಿಂತು ಕೈಯನ್ನು ಇನ್ನೂ ಮೇಲಕ್ಕೆ, ಆವಿಯಿಂದಾಚೆಗೆ ಎತ್ತುತ್ತಾರೆ.

ಮುಗಿದ ಮೇಲೆ ಹರಟೆಮಲ್ಲ ಇಸ್ತ್ರಿಯಣ್ಣ ಗಂಜಿಡಬ್ಬದ ಮುಚ್ಚಳವನ್ನು ಒರೆಸುತ್ತ ಕೂತ. ಒರೆಸಿದ್ದನ್ನೇ ಒರೆಸಿದ.

ನನ್ನ ಕಿವಿಯನ್ನು ಲೋಕದ ಹಗ್ಗದ ಮೇಲೆ ಒಣಹಾಕಿದ್ದೀಯ. ನಿನ್ನ ಅತ್ತಿಗೆ ತಾನೇ ಹೇಳಿದ್ದು? ನನ್ನ ಮನೆಯ ಅನ್ನ ತಿಂದು ನನ್ನ ಕಿವಿಯ ಸುದ್ದಿ ಊರಾಚೆ ಕಳಿಸಿದವಳು ಅವಳೇ ತಾನೇ? ಒಂದು ಸಾಲು ಬರೆ, ಹೌದೋ ಅಲ್ಲವೋ. ಆಮೇಲೆ ಅವಳ ಸಂಗತಿ ನಾನು ನೋಡಿಕೊಳ್ಳುತ್ತೇನೆ.

ನನ್ನ ಕಿವಿ ಸರಿಯಾಗಿಯೇ ಇದೆ.

ಯಜಮಾನಿ


ಮೇ 20

ಅಮ್ಮನಿಗೆ,

ಅಲ್ಲ. ಅತ್ತಿಗೆ ಒಂದು ಅಕ್ಷರ ಹೇಳಲಿಲ್ಲ. ನಾನೇ ಫೋನ್ ಮಾಡಿ ಕೇಳಿದೆ. “ಅತ್ತೆ ಚೆನ್ನಾಗಿದ್ದಾರೆ, ಗಟ್ಟಿಯಾಗಿ ಬೈತಾರೆ” ಎಂದು ನಕ್ಕು ಇಟ್ಟುಬಿಟ್ಟಳು.

ಹೇಳಿದವಳು ನೀನು. ಫೋನ್ ಬೇಡ ಎಂದೆ. ಚಳಿಯಲ್ಲಿ ಫ್ಯಾನ್ ಹಾಕಿಸಿದೆ. ಅಕ್ಷರ ನೋಡಿ ಅನಿಮೆ ನೋಡಿದೆ. ಪಕ್ಕದ ಬೀದಿಯಲ್ಲಿ ನಾವು ಪಿಸುಗುಟ್ಟಿದ್ದನ್ನೂ ಹಿಡಿಯುತ್ತಿದ್ದವಳು ನೀನು, ನನಗೆ ತಿಳಿಯದೇ ಇರುತ್ತದೆಯೇ? ಕೈ ಇನ್ನೂ ಮೇಲಕ್ಕೆ ಎತ್ತುವುದು ಮಾತ್ರ ನಾನು ಕಟ್ಟಿದ್ದು. ನಮ್ಮ ಜನ ಹಾಗೇ ಮಾಡುತ್ತಾರೆ ಅನ್ನಿಸಿತು.

ಅತ್ತಿಗೆ ಹಲಗೆ ಇಟ್ಟದ್ದು ಯಾಕೆ ಎಂದು ನೀನು ಕೇಳಲೇ ಇಲ್ಲ. ನನಗೂ ಗೊತ್ತಿಲ್ಲ. ಆದರೆ ಗಿಡ್ಡಿಯ ಕೈ ಎಲ್ಲಿಯವರೆಗೆ ಮುಟ್ಟುತ್ತದೆ, ನೀನು ನಿಂತಲ್ಲಿಂದ ಅದು ಕಾಣುತ್ತದೆಯೇ, ಒಮ್ಮೆ ನೋಡು.

ಈಗ ಕೊನೆಯ ಕಂತಿನ ಮಾತು. ಕೊನೆಯ ಯುದ್ಧದಲ್ಲಿ ದಳಪತಿ ಸಾಯಬೇಕು ಎನ್ನುತ್ತಾರೆ ನಮ್ಮ ನಿರ್ದೇಶಕರು. ಹೂವು, ಬಾವುಟ, ಎಲ್ಲ ಸಿದ್ಧ. ಬೇಡವೆಂದರೆ ಇನ್ನೊಂದು ದಾರಿ ಇದೆಯಂತೆ: ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕಿಟಕಿಯಿಂದ ಸಮುದ್ರ ನೋಡುತ್ತಿರುವಂತೆ ಮುಗಿಸುವುದು. ಎರಡನ್ನೂ ಬರೆಯಲು ನನ್ನ ಕೈ ಏಳುತ್ತಿಲ್ಲ. ಏನು ಮಾಡಲಿ?

ಇನ್ನೊಂದು ಮಾತು. ಅವತ್ತು ಬಾಗಿಲಲ್ಲೇ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ. ಇದು ಮುಗಿದರೂ ನಾನು ಲಾಂಡ್ರಿಗೆ ವಾಪಸ್ ಬರುವುದಿಲ್ಲ ಅಮ್ಮ. ಇಲ್ಲಿ ನನ್ನ ಕೆಲಸ ನನಗೆ ಸಿಕ್ಕಿದೆ. ಲಿವರನ್ನು ನನಗಾಗಿ ಹಿಡಿದುಕೊಂಡಿರಬೇಡ.

ನಿನ್ನ ಕಿರಿಯವಳು


ಜುಲೈ 2

ಕಿರಿಯವಳಿಗೆ,

ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ಮಾಡಿ ಮುಗಿಸದೆ ಬರೆಯುವುದು ನನ್ನ ಪದ್ಧತಿಯಲ್ಲ.

ನಿನ್ನ ಕಾಗದ ಬಂದ ಮರುದಿನ ಬೆಳಿಗ್ಗೆ ಫ್ಯಾನ್ ನಿಲ್ಲಿಸಿದೆ. ಮೊದಲನೆಯ ಹಾಸು ಬಂತು, ಆಸ್ಪತ್ರೆಯದು. ಆವಿ ತುಂಬಿತು. “ಕೈ!” ಎಂದೆ. ಕಿವಿಗೊಟ್ಟೆ. ಒಂದು ಕೇಳಿಸಿತು, ಇಸ್ತ್ರಿಯಣ್ಣನದು. ಅವನ ಗಂಟಲು ಬಾಯ್ಲರಿಗಿಂತ ದೊಡ್ಡದು. ಉಳಿದ ಮೂರು ಬರಲಿಲ್ಲ. ಬಂದಿದ್ದವು, ನನಗೆ ಬರಲಿಲ್ಲ. ಲಿವರಿನಿಂದ ಕೈ ತೆಗೆದೆ.

ಆಗ ಕಣ್ಣಿಟ್ಟು ನೋಡಿದೆ. ಆವಿಯ ಮೇಲೆ ಮೂರು ಜೊತೆ ಕೈ. ಇಸ್ತ್ರಿಯಣ್ಣ ಈ ವಯಸ್ಸಿನಲ್ಲಿ ಮಂಡಿನೋವು ಇಟ್ಟುಕೊಂಡು ತುದಿಗಾಲಲ್ಲಿ ನಿಂತಿದ್ದಾನೆ. ಇಷ್ಟು ದಿನ ಅದನ್ನು ನೋಡಿ ನನ್ನ ಜನಕ್ಕೆ ಎಂಥ ಶಿಸ್ತು ಎಂದು ಬೀಗುತ್ತಿದ್ದೆ. ಹಿಂದಿನ ಮೂಲೆಯಲ್ಲಿ ನಾಲ್ಕನೆಯ ಜೊತೆ, ಗಿಡ್ಡಿಯದು. ಬೆರಳ ತುದಿಯಷ್ಟೇ ಕಾಣುತ್ತಿತ್ತು, ಅದೂ ಹಲಗೆಯ ದಯೆಯಿಂದ. ಆ ಹಲಗೆಯನ್ನು ನಾನು ಎರಡು ಸಲ ತೆಗೆಸಿದ್ದೆ.

ಸೊಸೆಯನ್ನು ಪಕ್ಕಕ್ಕೆ, ಸದ್ದಿಲ್ಲದ ಕಡೆಗೆ ಕರೆದೆ. “ಕೈ ಇನ್ನೂ ಮೇಲೆ ಎತ್ತಿ ಅಂತ ಇವರಿಗೆ ಹೇಳಿಕೊಟ್ಟವರು ಯಾರು?”

“ಯಾರೂ ಹೇಳ್ಕೊಡಲಿಲ್ಲ ಅತ್ತೆ. ನಾನು ಎತ್ತಿದೆ, ಅವ್ರೂ ಎತ್ತಿದ್ರು.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಕೇಳ್ತಿದ್ರಾ?” ಎಂದಳು. ಆಮೇಲೆ ತಾನು ಆಡಿದ್ದು ಏನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ನನಗೆ ನಗು ಬಂತು. ಅವಳು ಈ ಮನೆಗೆ ಬಂದಾಗಿನಿಂದ ಅವಳೆದುರು ನಾನು ನಕ್ಕದ್ದು ಅದೇ ಮೊದಲಿರಬೇಕು. ಗಾಬರಿಯಾಗಿ ನೀರು ತಂದುಕೊಟ್ಟಳು.

ನಿನ್ನ ನಿರ್ದೇಶಕನಿಗೆ ಹೇಳು. ಹೆಂಗಸಿಗೆ ವಯಸ್ಸಾದರೆ ಒಂದೋ ಹೂವು ಇಲ್ಲವೇ ಕುರ್ಚಿ ಎಂದುಕೊಂಡಿದ್ದಾನಲ್ಲ, ಅವನ ತಾಯಿ ಏನು ಮಾಡುತ್ತಾಳೆ ಕೇಳು. ದಳಪತಿಗೆ ಹೋಗಿರುವುದು ಕಿವಿ. ಕೈ ಹೋಗಿಲ್ಲ. ಕಣ್ಣು ಹೋಗಿಲ್ಲ. ಬಟ್ಟೆ ಹಾಸಲು ಕಿವಿ ಯಾಕೆ ಬೇಕು? ಉಕ್ಕಣ್ಣನೊಳಗೆ ನಾಲ್ಕು ಆಸನ ಇವೆಯಲ್ಲ, ಒಂದರಲ್ಲಿ ಅವಳನ್ನು ಕೂರಿಸು. ಆ ಆಸನದವಳು ಎದ್ದು ಲಿವರಿಗೆ ಹೋಗಲಿ. ಬೇಕಿದ್ದರೆ ತೆಗೆದುಕೊ, ಬೇಡವಾದರೆ ಬಿಡು. ನಾನು ಮಾಡಿದ್ದು ನಿನ್ನ ಕಥೆಗೆಂದು ಅಲ್ಲ.

ನೀನು ಬರುವುದಿಲ್ಲ ಎಂದು ಬರೆದದ್ದನ್ನು ಓದಿದೆ. ಒಂದು ರಾತ್ರಿ ಊಟ ಸೇರಲಿಲ್ಲ. ಆಮೇಲೆ ಯೋಚಿಸಿದೆ. ಸುಕ್ಕುಗಟ್ಟಿದ ಒಂದು ಲೋಕವನ್ನೇ ನನ್ನ ಮಗಳು ಕಾಗದದ ಮೇಲೆ ಇಸ್ತ್ರಿ ಮಾಡುತ್ತಿದ್ದಾಳೆ, ಅದೂ ಒಬ್ಬರ ಬೆರಳೂ ಹೋಗದಂತೆ. ಎಲ್ಲೋ ಒಬ್ಬ ಡ್ರೈವರ್ ಬಸ್ಸಿನ ಬಾಗಿಲು ಮುಚ್ಚುವ ಮುಂಚೆ ನನ್ನ ಕೂಗು ಕೂಗುತ್ತಾನೆ. ನೂಲಿನಂತೆ ಸೀರೆ ಎಂದು ಸುಮ್ಮನೆ ಹೇಳಿಲ್ಲ. ಪೆನ್ಸಿಲ್ ಸವೆಯುತ್ತದೆ ಎಂದಿದ್ದೆ. ಸವೆಯಲಿ. ಇನ್ನೊಂದು ಕೊಂಡುಕೊ.

ಸೋಮವಾರ ಬೆಳಿಗ್ಗೆ ಎಲ್ಲರನ್ನೂ ದೊಡ್ಡಣ್ಣನ ಮುಂದೆ ನಿಲ್ಲಿಸಿದೆ. ಸೊಂಟದ ಎಡಗಡೆಯಿಂದ ಬೀಗದಕೈ ಗೊಂಚಲು ತೆಗೆದು ಸೊಸೆಗೆ ಕೊಟ್ಟೆ. “ಇವತ್ತಿಂದ ಕೂಗೋಳು ಇವಳು” ಎಂದೆ. ನಿನ್ನ ಅಣ್ಣ ಗೊಣಗಲು ಬಾಯಿ ತೆರೆದ. ಅವನ ಕಡೆ ನೋಡಿದೆ. ಮುಚ್ಚಿಕೊಂಡ.

ಸೊಸೆ ಗೊಂಚಲನ್ನು ಬಲಗಡೆ ಸಿಕ್ಕಿಸಿಕೊಂಡಳು. ನೀನು ಮೊದಲು ಬರೆದ ಹಾಗೆ. ಇರಲಿ ಎಂದುಕೊಂಡೆ.

“ನೀವು ಎಲ್ಲಿ ನಿಲ್ತೀರಿ ಅಮ್ಮಾವ್ರೇ?” ಎಂದ ಇಸ್ತ್ರಿಯಣ್ಣ.

“ಅವಳ ಮೂಲೆ ಖಾಲಿ ಇದೆಯಲ್ಲ” ಎಂದು ಹೋಗಿ ಎಡಗಡೆಯ ಮುಂದಿನ ಮೂಲೆಯಲ್ಲಿ ನಿಂತೆ. ಹಾಸು ಬಂತು. ನನ್ನ ಮೂಲೆ ಎಳೆದು ಸರಿಮಾಡಿದೆ. ಒಂದು ಗೆರೆ ಉಳಿಯಲಿಲ್ಲ, ನಿನ್ನ ಅತ್ತಿಗೆಯನ್ನೇ ಕೇಳು. ಆವಿ ಎದ್ದಿತು. ಆ ಸದ್ದಿನಲ್ಲಿ ಅವಳ ಕೂಗು ನನಗೆ ಕೇಳಿಸದು ಎಂದು ಅವಳಿಗೆ ಗೊತ್ತು. ಅದಕ್ಕೆ ಕೂಗುವಾಗ ತನ್ನ ಕೈಯನ್ನೂ ನೆತ್ತಿಯ ಮೇಲೆ ಎತ್ತಿದಳು, ನನಗೆ ಕಾಣುವ ಹಾಗೆ. ಕೂಗುವವಳೂ ಕೈ ಎತ್ತಬೇಕು ಎಂಬುದು ನನ್ನ ನಿಯಮವಲ್ಲ, ಅವಳದು. ನನಗೇ ಹೊಳೆಯಬೇಕಿತ್ತು.

ಮೂವರ ಕೈಗಳೂ ಎದ್ದವು. ಅವಳು ನನಗಾಗಿ ಕಾದಳು. ಎರಡು ಕೈಯನ್ನೂ ಎತ್ತಿ, ಬೀದಿಯ ತುದಿಗೆ ಮುಟ್ಟುವಂತೆ “ಮೇಲೆ!” ಎಂದೆ.

ಸೊಸೆ ಲಿವರ್ ಎಳೆದಳು.

ಅಮ್ಮ,
ಎಡಗಡೆಯ ಮುಂದಿನ ಮೂಲೆ